ಯೆಣೆಗೂರಿನ ಎರೆ ಅಂಗಳಕ್ಕೆ ನಾನು ಕೊಟ್ಟ ಟ್ರ್ಯಾಕ್ಟರು

ಹೋಳಿ ಹುಣ್ಣಿಮೆ ಕಳೆದು ನಾಲ್ಕೈದು ದಿನವಾಗಿತ್ತು. ಯೆಣೆಗೂರಿನ ಆಚೆ, ಹೈವೇ ಬಿಟ್ಟು ಅರ್ಧ ಹರದಾರಿ ಒಳಗೆ, ಭೀಮಣ್ಣನ ಹೊಲದಂಗಳದಲ್ಲಿ ನಾವು ಮೂವರು ಮನುಷ್ಯರು, ಐದು ಕುದುರೆಗಳು ಇದ್ದೆವು. ಭೀಮಣ್ಣ ಬೇವಿನ ಬುಡದಲ್ಲಿ ಕೂತಿದ್ದ, ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು. ಅವನ ಹೆಂಡತಿ ನಾಗವ್ವ ಲದ್ದಿಯ ಬುಟ್ಟಿ ಹೊತ್ತು ಲಾಯದಿಂದ ತಿಪ್ಪೆಗೂ ತಿಪ್ಪೆಯಿಂದ ಲಾಯಕ್ಕೂ ತಿರುಗುತ್ತಿದ್ದಳು. ನಾನು ಅಳತೆಯ ಟೇಪು ಹಿಡಿದು ಗೇಟಿನ ಮುಂದೆ ನಿಂತಿದ್ದೆ. ಉಮರ್ಗಾದ ಟ್ರ್ಯಾಕ್ಟರ್ ಶೋರೂಮಿನಲ್ಲಿ ಕೆಲಸಕ್ಕೆ ಸೇರಿ ನನಗಾಗ ಇಪ್ಪತ್ತೊಂಬತ್ತನೆಯ ವರ್ಷ.

ಭೀಮಣ್ಣನದು ಕುರಿ ಕಾಯುವ ಮನೆತನ, ಬೀರಪ್ಪ ದೇವರ ಒಕ್ಕಲು. ಅವನ ಅಪ್ಪನ ಕಾಲದಲ್ಲಿ ಹಿಂಡಿನ ಹಿಂದೆ ಕಂಬಳಿ, ಪಾತ್ರೆ, ಅಂದೇ ಹುಟ್ಟಿದ ಮರಿಗಳನ್ನು ಹೊತ್ತು ಕುದುರೆಗಳು ನಡೆಯುತ್ತಿದ್ದವು. ಅಣ್ಣತಮ್ಮಂದಿರು ಪಾಲಾದಾಗ ಅಣ್ಣಂದಿರು ಕುರಿ ಕೇಳಿದರು, ಭೀಮಣ್ಣ ಕುದುರೆ ಕೇಳಿದ. ಅಂದಿನಿಂದ ಎರಡೂವರೆ ಎಕರೆ ಎರೆ ಭೂಮಿಯಲ್ಲಿ ಅವನೂ ಅವನ ಕುದುರೆಗಳೂ. ಮೂರು ಹೆಣ್ಣು ಕುದುರೆ ಮದುವೆಯ ಮೆರವಣಿಗೆಗಳಿಗೆ ಹೋಗುತ್ತಿದ್ದವು. ಒಂದು ಮುದಿ ಬಿಳಿ ಕುದುರೆ ಬೀರಪ್ಪನ ಹೆಸರಿಗೆ ಬಿಟ್ಟದ್ದು. ಅದರಿಂದ ಕೆಲಸ ಮಾಡಿಸುವಂತಿಲ್ಲ, ಮಾರುವಂತಿಲ್ಲ. ಐದನೆಯದು ಆ ಮೂರು ಹೆಣ್ಣು ಕುದುರೆಗಳಲ್ಲಿ ಮೈನಾ ಎಂಬುದರ ಮರಿ, ಇನ್ನೂ ಮೊಲೆ ಬಿಟ್ಟಿರಲಿಲ್ಲ.

ಹಿಂದಿನ ದಸರೆಯ ಹೊತ್ತಿಗೆ ಭೀಮಣ್ಣ ಜೋಳದ ಕಣಿಕೆಯ ಬಣವಿಯಿಂದ ಬಿದ್ದು ಬಲಭುಜ ಕೆಡಿಸಿಕೊಂಡಿದ್ದ. ಕೈ ಎದೆಯ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಭಾರ ಎತ್ತಬಾರದೆಂದು ಸೋಲಾಪುರದ ಡಾಕ್ಟರು ಖಡಾಖಂಡಿತ ಹೇಳಿದ್ದರು. ಐದು ಕುದುರೆಗಳ ಲದ್ದಿ, ಒದ್ದೆ ಹುಲ್ಲು, ಮೇವು ಎಂದರೆ ದಿನವೂ ಇಬ್ಬರು ಗಟ್ಟಿ ಆಳಿನ ಕೆಲಸ. ಕುದುರೆಯ ಹತ್ತಿರ ನಿಲ್ಲುವ ಆಳು ಈಗ ಸಿಗುವುದಿಲ್ಲ. ನಾಗವ್ವ ಒಬ್ಬಳೇ ಎಷ್ಟು ದಿನ ಹೊರಬೇಕು? ಕುದುರೆ ಕೊಟ್ಟುಬಿಡು ಎಂದು ಎಲ್ಲರೂ ಹೇಳತೊಡಗಿದ್ದರು. ಆಗ ಅವನಿಗೆ ನನ್ನ ನೆನಪಾಯಿತು.

"ಕೈ ಹೋಯ್ತು, ಹೋಗಲಿ ಅಯ್ಯನೋರ," ಎಂದ. "ಕುದುರಿ ಹೋಗಬಾರ್ದು. ಅದಕ್ಕ ಎಂಥಾ ಗಾಡಿ ಬೇಕು, ನೀವೇ ಹೇಳ್ರಿ. ನನಗ ಅದರಾಗ ತಿಳಿಯಲ್ಲ."

ಈ 'ಅಯ್ಯನೋರ' ಎಂಬ ಮಾತನ್ನು ಇಲ್ಲಿಯೇ ಬಿಡಿಸಿ ಹೇಳಬೇಕು, ಯಾಕೆಂದರೆ ನಾನು ಮಾಡಿದ ತಪ್ಪಿನ ಅರ್ಧ ಅದರಲ್ಲಿಯೇ ಇದೆ. ನಮ್ಮದು ಜಂಗಮರ ಮನೆ. ಗಡಿಯಾಚೆಯ ಊರು, ನಾನು ಸಾಲಿ ಕಲಿತದ್ದು ಮರಾಠಿಯಲ್ಲಿ. ಕನ್ನಡ ಬಂದದ್ದು ಅಜ್ಜನ ಜೋಳಿಗೆಯ ಹಿಂದೆ ಮನೆಮನೆ ತಿರುಗಿ. ದಾಳಿಂಬ, ಯೆಣೆಗೂರ ಎಂಬ ಊರುಗಳ ಸುತ್ತಿನ ಎಷ್ಟೋ ಮನೆಗಳಲ್ಲಿ ಹುಟ್ಟಿದರೂ ಸತ್ತರೂ ಅಜ್ಜನೇ ಹೋಗಬೇಕು. ನನ್ನ ಪಾಲಿಗೆ ಟ್ರ್ಯಾಕ್ಟರ್ ಮಾರುವ ಕೆಲಸ ಬಂದರೂ ಆ ಮನೆಗಳಲ್ಲಿ ನಾನು ಅಯ್ಯನೋರೇ ಆಗಿ ಉಳಿದೆ. ನಾನು ಮಾರಿದ ಗಾಡಿಗೆ ನಾನೇ ಪೂಜೆ ಮಾಡಿ, ವಿಭೂತಿ ಹಚ್ಚಿ, ಕಾಯಿ ಒಡೆದು ಕೀಲಿಕೈ ಕೊಡುತ್ತಿದ್ದೆ. ಒಂದೇ ಬಾಯಿಯಲ್ಲಿ ಮಂತ್ರವೂ ಎಚ್‌ಪಿಯೂ. ಬೇರೆ ಸೇಲ್ಸ್‌ಮನ್ ಹತ್ತಿರ ಗಿರಾಕಿ ಹತ್ತು ಪ್ರಶ್ನೆ ಕೇಳುತ್ತಾನೆ, ನನ್ನ ಹತ್ತಿರ ಕೇಳುತ್ತಿರಲಿಲ್ಲ. ಅಯ್ಯನ ಮಾತಿಗೆ ಎದುರು ಹೇಳುವ ರೂಢಿ ಇಲ್ಲ. ಇದು ನನ್ನ ಹೆಚ್ಚುಗಾರಿಕೆ ಎಂದು ನಾನು ಬಹಳ ವರ್ಷ ತಿಳಿದಿದ್ದೆ.

ಟೇಪಿನ ಕಥೆಯೂ ಒಂದಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಉದಗೀರದ ಕಡೆಯ ಒಬ್ಬ ದಾಳಿಂಬೆ ತೋಟದವರಿಗೆ ಗಾಡಿ ಕೊಟ್ಟಿದ್ದೆ. ಎಂಜಿನ್ನಿನ ಶಕ್ತಿ, ಡೀಸೆಲ್ ಕುಡಿಯುವುದು, ಎಲ್ಲ ವರ್ಣಿಸಿದ್ದೇ ವರ್ಣಿಸಿದ್ದು. ಗಾಡಿ ತೋಟಕ್ಕೆ ಇಳಿದಾಗ ಎರಡೂ ಕಡೆಯ ಮಡ್‌ಗಾರ್ಡು ಗಿಡಕ್ಕೆ ತಾಗಿ, ಬಲಿಯುತ್ತಿದ್ದ ಕಾಯಿಗಳು ಸಾಲುದ್ದಕ್ಕೂ ಉದುರಿದವು. ಗಾಡಿ ರಿಪೇರಿಯ ನಮ್ಮ ಮಿಸ್ತ್ರಿ ಗಫೂರ್ ಚಾಚಾ ಸಾಲಿನ ನಡುವೆ ಎರಡೂ ಕೈ ಚಾಚಿ ನಿಂತು, ಆಮೇಲೆ ಅದೇ ಚಾಚಿದ ಕೈಗಳನ್ನು ಗಾಡಿಯ ಮುಂದೆ ತಂದು ಹಿಡಿದು ತೋರಿಸಿದರು. ಗಾಡಿ ಒಂದು ಗೇಣು ಹೆಚ್ಚಿತ್ತು. "ಬೇಟಾ, ಎಂಜಿನ್ ನೋಡ್ದಿ, ಝಾಡ್ ನೋಡ್ಲಿಲ್ಲ," ಎಂದು ಗಿಡದ ಕಡೆ ಕೈ ಮಾಡಿದರು. ಆ ತೋಟದವರು ನನ್ನನ್ನು ಬೈಯಲಿಲ್ಲ, ಬಿದ್ದ ಕಾಯಿಗಳನ್ನು ಒಂದು ಚೀಲದಲ್ಲಿ ಹಾಕಿ ನನ್ನ ಕೈಗೆ ಕೊಟ್ಟು ಕಳಿಸಿದರು. ಮರುದಿನ ನಾನು ಟೇಪು ಕೊಂಡೆ. ಅಲ್ಲಿಂದ ಮುಂದೆ ಗೇಟು, ಸಾಲು, ಕೊಟ್ಟಿಗೆಯ ತೊಲೆ ಅಳೆಯದೆ ಗಾಡಿ ಕೊಟ್ಟವನಲ್ಲ. ಅಳೆದರೆ ಆಯಿತು, ತಪ್ಪು ನಡೆಯುವುದಿಲ್ಲ ಎಂದು ನನಗೆ ಗರ್ವ ಬಂದಿತ್ತು.

ಭೀಮಣ್ಣನ ಅಂಗಳವನ್ನೂ ಹಾಗೆಯೇ ಅಳೆದೆ. ತಗಡಿನ ಲಾಯ, ಆಚೆ ಈಚೆ ಕುದುರೆ ಕಟ್ಟುವ ಜಾಗ, ನಡುವೆ ಏಳು ಅಡಿಯ ಓಣಿ. ಲಾಯದ ಸುತ್ತ ಬಯಲು. ದಿನವೂ ಮುಂಜಾನೆ ಕುದುರೆಗಳನ್ನು ಬಿಡುವುದು, ಅವು ಹೊರಳಾಡುವುದು ಅಲ್ಲಿಯೇ. ಬಯಲಿನ ತುದಿಗೆ ತಿಪ್ಪೆ. ಇಂಥ ಜಾಗಕ್ಕೆ ಇಪ್ಪತ್ತೆರಡು ಎಚ್‌ಪಿಯ ಸಣ್ಣ ಟ್ರ್ಯಾಕ್ಟರು ಸಾಕು. ಮುಂದೆ ಬಕೆಟ್ ಕೂಡಿಸಿದರೆ ಓಣಿಯೊಳಗೆ ಹೋಗಿ, ಲದ್ದಿ ಎತ್ತಿ, ಲಾಯದ ಬಾಯಲ್ಲಿಯೇ ತಿರುಗಿ ಹೊರಬರುತ್ತದೆ. ಸೈಲೆನ್ಸರು ಕೆಳಗಿದ್ದರೆ ಕುದುರೆಯ ಕಿವಿಗೆ ಸದ್ದು ಬಡಿಯುವುದಿಲ್ಲ, ತಗಡಿಗೆ ತಾಗುವುದೂ ಇಲ್ಲ. ಇಷ್ಟನ್ನೂ ನಾನು ಅಲ್ಲಿಯೇ ಭೀಮಣ್ಣನಿಗೆ ಹೇಳಿದೆ. ಮೊದಲು ಹೇಳಿದ್ದು ಸರಿಯಾಗಿಯೇ ಇತ್ತು.

ನಾಗವ್ವ ಬುಟ್ಟಿ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ಬಯಲಿನ ಕಡೆ ನೋಡಿದಳು. ಆ ನೆಲ ಆಗ ಕಲ್ಲುಹಾಸಿನಂತಿತ್ತು.

"ಬ್ಯಾಸಿಗಿ ಅದ ಅಂತ ಹಿಂಗ ಕಾಣಲತ್ತದ್ರಿ," ಎಂದಳು. "ಮಳಿಗಾಲದಾಗ ಈ ಜಾಗಾದಾಗ ನಮ್ಮ ಕುರಿ ಸುದ್ದಾ ನಿಂದರ್ತಿದ್ದಿಲ್ಲ."

"ಯವ್ವಾ, ಕುರಿಗಿ ಖಾಲಿ ಕಾಲು," ಎಂದೆ ನಾನು. "ಇದಕ್ಕ ನಾಕು ಗಾಲಿ, ನಾಕೂ ತಿರಗತಾವ. ಸಿಗಿಬೀಳಲ್ಲ."

ಭೀಮಣ್ಣ ನಕ್ಕ. "ಆಕಿಗಿ ಎಲ್ಲಾ ಕುರಿ ಲೆಕ್ಕದಾಗೇ ತಿಳೀತದ್ರಿ." ನಾನೂ ನಕ್ಕೆ. ನಾಗವ್ವ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಉಮರ್ಗಾಕ್ಕೆ ಬಂದರೆ ಮ್ಯಾನೇಜರ್ ಸಾಹೇಬರು. ಹಳೆಯ ಮ್ಯಾನೇಜರು ಇದ್ದಾಗ ನಾವು ನೋಡಿಬಂದದ್ದನ್ನು ಚಹಾ ಕುಡಿಯುತ್ತ ಹೇಳಿದರೆ ಸಾಕಿತ್ತು. ಹೊಸಬರು ಬಂದ ಮೇಲೆ ಎಲ್ಲವನ್ನೂ ಟ್ಯಾಬಿನಲ್ಲಿ ತುಂಬಬೇಕು: ಎಷ್ಟು ಎಕರೆ, ಯಾವ ಬೆಳೆ, ಬಾವಿ ಇದೆಯೋ ಇಲ್ಲವೋ. ಕುದುರೆಗೆ ಅದರಲ್ಲಿ ಮನೆಯೇ ಇರಲಿಲ್ಲ. ನಾನು 'ದನಕರು' ಎಂದು ಒತ್ತಿದೆ. ಸಾಹೇಬರು ನೋಡಿ, ಸಣ್ಣ ಗಾಡಿ ಬರಲು ತಿಂಗಳು ಮೇಲಾಗುತ್ತದೆ, ಯುಗಾದಿ ಪಾಡವಾಕ್ಕೆ ಆಗುವುದಿಲ್ಲ, ನಲವತ್ತೈದು ಎಚ್‌ಪಿಯದು ಶೆಡ್ಡಿನಲ್ಲಿಯೇ ನಿಂತಿದೆ, ಅದನ್ನೇ ಕೊಡಿರಿ ಎಂದರು. ನಮ್ಮ ಕಡೆ ಪಾಡವಾ ತಪ್ಪಿದರೆ ಗಿರಾಕಿ ದಸರೆಯವರೆಗೆ ತಡೆಯುತ್ತಾನೆ. ನಾಗವ್ವನ ಸೊಂಟ ದಸರೆಯವರೆಗೆ ತಡೆಯುತ್ತದೆಯೇ ಎಂಬ ವಿಚಾರ ನನಗೂ ಬಂತು. ಸಣ್ಣದರ ಕೆಲಸವನ್ನು ದೊಡ್ಡದು ಹೇಗೂ ಮಾಡುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದನ್ನೇ ಭೀಮಣ್ಣನಿಗೂ ಹೇಳಿದೆ. ಅವನು ಒಂದೇ ಒಂದು ಮಾತು ಕೇಳಿದ: ಓಣಿಯಲ್ಲಿ ಹಿಡಿಸುತ್ತದೆಯೇ? ಟೇಪು ಹಿಡಿಸುತ್ತದೆ ಎಂದಿತು. ತಿರುಗಲು ಮಾತ್ರ ಆಗುವುದಿಲ್ಲ, ಅದಕ್ಕೆ ಹಿಂದಿನ ಗೋಡೆ ಒಡೆದು ಇನ್ನೊಂದು ಬಾಗಿಲು ಮಾಡು, ಇತ್ತ ಹೋಗಿ ಅತ್ತ ಬಂದು ಬಯಲಿನ ಸುತ್ತ ಹಾಯ್ದು ತಿಪ್ಪೆಗೆ ಹೋಗಲಿ ಎಂದೆ. ಅವನು ಗೋಡೆ ಒಡೆಸಿದ.

ಪಾಡವಾದ ದಿನ ಗಾಡಿ ಬಂತು. ನಾನೇ ಪೂಜೆ ಮಾಡಿದೆ. ಭೀಮಣ್ಣ ಬೀರಪ್ಪನ ಹೆಸರು ಹೇಳಿ ಎಡಗೈಯಿಂದ ಭಂಡಾರ ತೂರಿದ, ಬಾನೆಟ್ಟು ಹಳದಿಯಾಯಿತು. ನಾಗವ್ವ ಹಾರ ಹಾಕುತ್ತ, "ಈ ಮನ್ಯಾಗ ಕುದುರಿಗಿ ಹಾರ, ಈಗ ಗಾಡಿಗಿ ಹಾರ. ನಾ ಯಾವಾಗ ನಾಕು ಕಾಲು ಮಾಡ್ಕೊಳ್ಳಲಿ ಅಯ್ಯನೋರ?" ಎಂದಳು. "ಎರಡು ಕಾಲಾಗೇ ಇಷ್ಟು ಒದಿತಿ," ಎಂದ ಭೀಮಣ್ಣ. ಆ ಗಂಡಹೆಂಡಿರು ಹಾಗೆ ನಗುವುದನ್ನು ನಾನು ನೋಡಿದ್ದು ಅದೇ ಕೊನೆ.

ಬೇಸಿಗೆಯುದ್ದಕ್ಕೂ ಗಾಡಿ ಚೆನ್ನಾಗಿ ನಡೆಯಿತು. ಬಕೆಟ್ ತುಂಬಿದಾಗ ಹಿಂದಿನ ಗಾಲಿ ಹಗುರಾಗಬಾರದೆಂದು ನಾನೇ ಟಯರುಗಳಲ್ಲಿ ನೀರು ತುಂಬಿಸಿಕೊಟ್ಟೆ. ಮೊದಲೇ ಎರಡು ಟನ್ನಿನ ಗಾಡಿ, ಅದರ ಮೇಲೆ ನೀರಿನ ಭಾರ. ಭೀಮಣ್ಣ ಒಂದೇ ಕೈಯಲ್ಲಿ ಸ್ಟೇರಿಂಗ್ ತಿರುಗಿಸಿ ಮುಂಜಾನೆಯ ಎರಡು ತಾಸಿನ ಕೆಲಸವನ್ನು ಚಹಾ ಆರುವುದರೊಳಗೆ ಮುಗಿಸುತ್ತಿದ್ದ. ನಾನು ಬಸ್ಸಿನಲ್ಲಿ ಆ ದಾರಿಯಿಂದ ಹೋಗುವಾಗ ಅವನ ಲಾಯದ ತಗಡು ಕಂಡರೆ ಪಕ್ಕದಲ್ಲಿ ಕೂತವರಿಗೆ ತೋರಿಸುತ್ತಿದ್ದೆ.

ಮಳೆ ಹಿಡಿಯಿತು. ಎರೆ ಮಣ್ಣು ನಿಮಗೆ ಗೊತ್ತಿದ್ದದ್ದೇ. ಒಣಗಿದಾಗ ಕಬ್ಬಿಣ, ನೆಂದಾಗ ಬೆಣ್ಣೆ. ಗಾಡಿ ಸಿಗಿಬೀಳಲಿಲ್ಲ. ನಾನು ಹೇಳಿದಂತೆ ನಾಲ್ಕೂ ಗಾಲಿ ತಿರುಗಿ ಕೆಸರಿನಿಂದ ಎದ್ದುಬರುತ್ತಿತ್ತು. ಕೆಟ್ಟದ್ದಾದದ್ದು ಅದರಿಂದಲೇ. ಸಿಗಿಬಿದ್ದಿದ್ದರೆ ನಿಲ್ಲಿಸುತ್ತಿದ್ದರು. ದಿನವೂ ಲಾಯದ ಹಿಂಬಾಗಿಲಿನಿಂದ ಹೊರಟು ಬಯಲಿನ ಸುತ್ತ ಹಾಯ್ದು ಹಾಯ್ದು, ಮೊಳಕಾಲಿನ ಅರ್ಧದಷ್ಟು ಆಳದ ಎರಡು ಕೊರಕಲು ಬಿದ್ದವು. ಶ್ರಾವಣದಲ್ಲಿ ಭೀಮಣ್ಣ ಫೋನು ಮಾಡಿ, ಒಮ್ಮೆ ಬಂದು ನೋಡಿಹೋಗಿರಿ ಎಂದ. ಹೋದೆ. ನೋಡಿದೆ. ಮಳೆ ನಿಂತು ಹೊರಪಾದ ಮೇಲೆ ನಾಲ್ಕು ಟ್ರಾಲಿ ಗರಸಿನ ಕಲ್ಲುಮಣ್ಣು ಹಾಕಿಸಿದರೆ ಸರಿಯಾಗುತ್ತದೆ, ಈಗ ಹಾಕಿದರೆ ಕೆಸರು ನುಂಗುತ್ತದೆ ಎಂದೆ. ಅಂದು ಕೊರಕಲಿನಲ್ಲಿ ನೀರು ನಿಂತಿತ್ತು, ಕುದುರೆಗಳು ಅದನ್ನು ಕಂಡು ಸರಿದು ನಡೆಯುತ್ತಿದ್ದವು. ನನಗೆ ಭಯ ಅನಿಸಲಿಲ್ಲ.

ಭಾದ್ರಪದದಲ್ಲಿ ಮಳೆ ಹದಿನೈದು ದಿನ ಬಿಡುವು ಕೊಟ್ಟಿತು. ಬಿಸಿಲು ಬಿತ್ತು. ಕೊರಕಲಿನ ಅಂಚುಗಳು ಒಣಗಿ ಕಲ್ಲಾದವು, ಮೇಲೆ ಹುಲ್ಲು ಬಾಗಿ ಬಾಯಿ ಮುಚ್ಚಿತು. ಒಂದು ಮುಂಜಾನೆ ಭೀಮಣ್ಣ ಮೈನಾಳನ್ನು ಬಿಟ್ಟ. ಮರಿಯನ್ನು ಮೊಲೆ ಬಿಡಿಸಲೆಂದು ಲಾಯದಲ್ಲಿ ಬೇರೆ ಕಟ್ಟಿದ್ದರು. ಮರಿ ಒಳಗಿನಿಂದ ಕೂಗಿತು. ಬಯಲಿನ ಆ ತುದಿಯಲ್ಲಿದ್ದ ಮೈನಾ ತಿರುಗಿ ಒಂದೇ ನೆಗೆತಕ್ಕೆ ಓಡಿಬಂತು. ಮುಂಗಾಲು ಕೊರಕಲಿನಲ್ಲಿ ಇಳಿಯಿತು, ಮೈ ಮುಂದೆ ಹೋಯಿತು. ಮೂಳೆ ಮುರಿದ ಸದ್ದು ಒಳಗೆ ರೊಟ್ಟಿ ಬಡಿಯುತ್ತಿದ್ದ ತನಗೂ ಕೇಳಿತೆಂದು ನಾಗವ್ವ ಆಮೇಲೆ ಹೇಳಿದಳು.

ಸುದ್ದಿ ತಿಳಿದು ನಾನು ಅಲ್ಲಿ ಮುಟ್ಟುವ ಹೊತ್ತಿಗೆ ಮಧ್ಯಾಹ್ನ. ಉಮರ್ಗಾದಿಂದ ದನದ ಡಾಕ್ಟರು ಬಂದಿದ್ದರು. ಮುಂಗಾಲಿನ ನಳಿಯ ಮೂಳೆ ಎರಡು ಕಡೆ ಮುರಿದು ಚರ್ಮದ ಹೊರಗೆ ಬಂದಿತ್ತು. ಇಷ್ಟು ಭಾರದ ಪ್ರಾಣಿ ಮೂರು ಕಾಲಿನ ಮೇಲೆ ನಿಂತು ಮೂಳೆ ಕೂಡುವವರೆಗೆ ಬದುಕುವುದಿಲ್ಲ, ನೋವು ಎಳೆಯುವುದು ಬೇಡ ಎಂದರು ಡಾಕ್ಟರು. ಭೀಮಣ್ಣ ತಲೆಯ ರುಮಾಲು ಬಿಚ್ಚಿ ಮೈನಾಳ ಕಣ್ಣಿನ ಮೇಲೆ ಹಾಕಿ, ಕುತ್ತಿಗೆಯ ಹತ್ತಿರ ಕೂತ. ಸೂಜಿ ಕೊಟ್ಟರು. ಮರಿ ಒಳಗೆ ಕೂಗುತ್ತಲೇ ಇತ್ತು.

ತಗ್ಗು ತೋಡಿದ ಮೇಲೆ ಮೈನಾಳನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಯೋಣ ಎಂದು ಬಂದವರಲ್ಲಿ ಯಾರೋ ಹೇಳಿದರು. ಭೀಮಣ್ಣ ಅದು ಬೇಡ ಎಂದ. ಹತ್ತು ಜನ ಹಗ್ಗ ಹಾಕಿ ಎಳೆದೆವು. ನಾನೂ ಹಗ್ಗ ಹಿಡಿದೆ.

ಎಲ್ಲ ಮುಗಿದು ಜನ ಹೋದ ಮೇಲೆ ನಾವು ಮೂವರೇ ಉಳಿದೆವು. ಭೀಮಣ್ಣನೇ ಮಾತು ತೆಗೆದ. "ನೀವು ನೋಡಿದ್ದು ಬ್ಯಾಸಿಗ್ಯಾಗ್ರಿ. ನಾ ವರ್ಷಾಪೂರ್ತಿ ನೋಡಿದಂವ. ನಾನೇ ಹೇಳಬೇಕಾಗಿತ್ತು."

ನಾಗವ್ವ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. "ನಾ ಹೇಳಿದ್ದೆ," ಎಂದಳು. ದನಿ ಎತ್ತರಿಸಲಿಲ್ಲ. "ನೀವು ಇಬ್ರೂ ನಕ್ಕಿರಿ."

"ಹ್ವಾದ ಮಾತು ಯಾಕ ತೆಗಿತಿ," ಎಂದ ಭೀಮಣ್ಣ. "ಅಯ್ಯನೋರು ಊಟಾ ಮಾಡ್ಯಾರೋ ಇಲ್ಲೋ ಕೇಳು."

ಆಕೆ ಕೇಳಿದಳು. ನಾನು ಆಯಿತೆಂದು ಸುಳ್ಳು ಹೇಳಿದೆ.

ಗಾಡಿ ತಿರುಗಿ ತೆಗೆದುಕೊಂಡು ಸಣ್ಣದು ಕೊಡೋಣ ಎಂದು ನಾನು ಮ್ಯಾನೇಜರರ ಮುಂದೆ ಎಷ್ಟೋ ಸಲ ನಿಂತೆ. ಗಾಡಿಯಲ್ಲಿ ದೋಷವೇನಿದೆ ತೋರಿಸಿರಿ ಎಂದರು. ಗಾಡಿಯಲ್ಲಿ ದೋಷ ಇರಲಿಲ್ಲ. ಭೀಮಣ್ಣ ಅದನ್ನು ಗೇಟಿನ ಹೊರಗೆ ನಿಲ್ಲಿಸಿ, ಮತ್ತೆ ಬುಟ್ಟಿ ಹಿಡಿದ, ಎಡಗೈಯಲ್ಲಿ. ಸಂಕ್ರಾಂತಿಯ ಹೊತ್ತಿಗೆ ಆ ಭುಜವೂ ನೋಯತೊಡಗಿತು. ನಾಗವ್ವ ಒಮ್ಮೆ ಲಾಯದಲ್ಲಿಯೇ ಸೊಂಟ ಹಿಡಿದು ಕೂತವಳು ಏಳಲಿಲ್ಲ, ಎತ್ತಿ ತರಬೇಕಾಯಿತು. ಆಮೇಲೆ ಭೀಮಣ್ಣ ಹಟ ಬಿಟ್ಟ. ಉಳಿದೆರಡು ಹೆಣ್ಣು ಕುದುರೆಗಳನ್ನೂ ಮೈನಾಳ ಮರಿಯನ್ನೂ ನಿಲಂಗಾದ ಕಡೆಯ ಮಾಧವರಾವ ಎಂಬುವವರಿಗೆ ಕೊಟ್ಟ. ಬೀರಪ್ಪನ ಮುದಿ ಕುದುರೆ ಮಾತ್ರ ಉಳಿಯಿತು. ಒಂದು ಕುದುರೆಗೆ ದಿನಕ್ಕೆ ಎರಡು ಬುಟ್ಟಿ ಸಾಕು.

ಆ ವರ್ಷದಿಂದ ನಾನು ಗಾಡಿಗೆ ಪೂಜೆ ಮಾಡುವುದನ್ನು ಬಿಟ್ಟೆ. ಮಾರುವವನೂ ಮಂತ್ರ ಹೇಳುವವನೂ ಒಬ್ಬನೇ ಆದರೆ ಎದುರಿಗಿದ್ದವರ ಬಾಯಿ ಕಟ್ಟುತ್ತದೆ. ಈ ಕೆಲಸಕ್ಕೆ ಈಗ ಬರುತ್ತಿರುವ ತಮ್ಮಂದಿರೇ, ಎಚ್‌ಪಿ, ಅಗಲ, ತೊಲೆಯ ಎತ್ತರ ಎಲ್ಲ ನಿಮ್ಮ ಫೋನಿನಲ್ಲಿಯೇ ಸಿಗುತ್ತದೆ. ಅದರಲ್ಲಿ ಸಿಗದಿರುವುದು ಎರಡು: ಆ ನೆಲ ಮಳೆಯಲ್ಲಿ ಹೇಗಿರುತ್ತದೆ ಎಂಬುದು, ಮತ್ತೆ ಆ ಮನೆಯಲ್ಲಿ ಬುಟ್ಟಿ ಹೊರುವವರು ಏನು ಹೇಳುತ್ತಾರೆ ಎಂಬುದು. ಗಾಡಿ ಕೊಳ್ಳುವವನು ಬೇವಿನ ಬುಡದಲ್ಲಿ ಕೂತಿರುತ್ತಾನೆ. ಅವನ ಜೊತೆ ಚಹಾ ಕುಡಿಯಿರಿ. ಬುಟ್ಟಿ ಹೊತ್ತವಳು ಒಳಗೆ ಹೋಗುವ ಮೊದಲು ಆಕೆಯ ಜೊತೆ ನಾಲ್ಕು ಹೆಜ್ಜೆ ನಡೆಯಿರಿ.

ನನ್ನ ನೌಕರಿಯ ಕೊನೆಯ ವರ್ಷ ಮಾಧವರಾವ ನನಗೆ ಫೋನು ಮಾಡಿದರು. ಮಾತೆಲ್ಲ ಮರಾಠಿಯಲ್ಲಿ. ಕುದುರೆ ಕೊಡುವಾಗ ಭೀಮಣ್ಣ ಅವರಿಂದ ಒಂದು ವಚನ ತೆಗೆದುಕೊಂಡಿದ್ದನಂತೆ: ಲದ್ದಿ ಎತ್ತಲು ಟ್ರ್ಯಾಕ್ಟರು ತರುವುದಾದರೆ ಉಮರ್ಗಾದ ರೇವಯ್ಯನವರನ್ನು ಕರೆಸಬೇಕು, ಅದೂ ಬೇಸಿಗೆಯಲ್ಲಲ್ಲ, ಮಳೆಗಾಲದಲ್ಲಿ. ಇಷ್ಟೆಲ್ಲ ಆದ ಮೇಲೂ ಅವನು ನನ್ನ ಹೆಸರೇ ಹೇಳಿದ್ದ.

ಆಷಾಢದ ಜಿಟಿಜಿಟಿಯಲ್ಲಿ ಹೋದೆ. ಚಪ್ಪಲಿ ಬಿಟ್ಟು ಅವರ ಅಂಗಳವೆಲ್ಲ ಬರಿಗಾಲಿನಲ್ಲಿ ನಡೆದೆ. ಹಿಮ್ಮಡಿ ಊರಿದಲ್ಲೆಲ್ಲ ಎಷ್ಟು ಇಳಿಯಿತೆಂದು ನೋಡಿದೆ. ಲಾಯ ಗುಡಿಸುವ ಕಾಶೀಬಾಯಿಯನ್ನು ಮೊದಲು ಮಾತಾಡಿಸಿದೆ; ಆಕೆ ಬಾವಿಯ ಬದಿಗೆ ನೀರು ಒಸರುವ ಜಾಗ ತೋರಿಸಿದಳು, ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಹತ್ತಿರ ಹತ್ತಿರ ಒಂಬತ್ತು ನೂರು ಕಿಲೋ ತೂಗುವ, ಅಗಲ ಟಯರಿನ, ಇಪ್ಪತ್ತೆರಡು ಎಚ್‌ಪಿಯ ಗಾಡಿಯೇ ಸರಿ, ಟಯರಿಗೆ ನೀರು ತುಂಬುವುದು ಬೇಡ, ಬಕೆಟ್ ಅರ್ಧವೇ ತುಂಬಲಿ, ಎರಡು ಸಲ ಹೋದರಾಯಿತು, ತಿಪ್ಪೆಯವರೆಗಿನ ದಾರಿಗೆ ಗಾಡಿ ಬರುವ ಮೊದಲೇ ಗರಸು ಬೀಳಲಿ ಎಂದೆ. ಸಣ್ಣ ಗಾಡಿಗೆ ಆಗಲೂ ತಿಂಗಳು ಮೇಲೆ ತಡೆಯಬೇಕೆಂದರು. ತಡೆದೆವು.

ಗಾಡಿ ಬರುವ ದಿನ ಮಾಧವರಾವ ಭೀಮಣ್ಣನಿಗೂ ಹೇಳಿ ಕಳಿಸಿದ್ದರು. ಅವನು ಮುಂಜಾನೆಯ ಬಸ್ಸಿಗೆ ಒಬ್ಬನೇ ಬಂದ. ಮೂರೂ ಕುದುರೆಗಳು ಲಾಯದಲ್ಲಿದ್ದವು. ಮರಿ ಬೆಳೆದು ತಾಯಿಯ ಎತ್ತರಕ್ಕೆ ಬಂದಿತ್ತು. ಭೀಮಣ್ಣ ಅದರ ಕುತ್ತಿಗೆಯ ಮೇಲೆ ಒಮ್ಮೆ ಕೈಯಾಡಿಸಿ, ಹೊರಗೆ ಬಂದು ಗೋಡೆಯ ಹತ್ತಿರ ನಿಂತ. ಟ್ರ್ಯಾಕ್ಟರು ಕುದುರೆಗಳ ನಡುವಿನಿಂದ ಒಳಗೆ ಹೋಗಿ, ಲದ್ದಿ ಎತ್ತಿಕೊಂಡು, ಲಾಯದ ಬಾಯಲ್ಲಿಯೇ ತಿರುಗಿ ತಿಪ್ಪೆಯ ಕಡೆ ಹೋಯಿತು. ಅದು ಹೋದ ಮೇಲೆ ಅವನು ಬಗ್ಗಿ ಗಾಲಿಯ ಗುರುತನ್ನು ಎಡಗೈಯ ಬೆರಳಿನಿಂದ ಮುಟ್ಟಿ ನೋಡಿದ. ಎರಡನೆಯ ಸಲ ಗಾಡಿ ಬಂದಾಗಲೂ ನೋಡಿದ, ಗುರುತು ಆಳಕ್ಕೆ ಇಳಿದಿರಲಿಲ್ಲ. ಮಾಧವರಾವ ಊಟಕ್ಕೆ ನಿಲ್ಲಿ ಎಂದರು. ಮನೆಯಲ್ಲಿ ಒಂದು ಕುದುರೆ ಕಟ್ಟಿ ಬಂದಿದ್ದೇನೆ ಎಂದ. ನಾನು ಅವನ ಜೊತೆ ನಿಲಂಗಾದ ಬಸ್‌ಸ್ಟ್ಯಾಂಡಿನವರೆಗೆ ಹೋದೆ. ಉಮರ್ಗಾದ ಬಸ್ಸು ನಿಂತಿತ್ತು. ಅವನು ಹತ್ತಿ ಕೂತ, ಬಸ್ಸು ಹೋಯಿತು.